ಮಾನವ ಹಕ್ಕುಗಳ ಟೀಕೆ ಬಂದಾಗ ಸರ್ಕಾರಗಳು ಪ್ರಚಾರದ ಮೂಲಕ ಹೇಗೆ ತಪ್ಪಿಸಿಕೊಳ್ಳುತ್ತವೆ?

ನೇರ ಉತ್ತರ ಕೊಡುವ ಬದಲು ಜಗತ್ತಿನ ಗಮನವನ್ನೇ ಬೇರೆಡೆ ತಿರುಗಿಸುತ್ತವೆ. ಅರ್ಜೆಂಟೀನಾದ ಸೇನಾ ಸರ್ಕಾರ ಸಾವಿರಾರು ಜನರನ್ನು ನಾಪತ್ತೆ ಮಾಡುತ್ತಿದ್ದ ಕಾಲದಲ್ಲೇ 1978ರ ಫುಟ್‌ಬಾಲ್ ವಿಶ್ವಕಪ್ ನಡೆಸಿತು. ಫೈನಲ್ ನಡೆದ ಕ್ರೀಡಾಂಗಣದ ಹತ್ತಿರವೇ ನೌಕಾಪಡೆಯ ಚಿತ್ರಹಿಂಸೆ ಕೇಂದ್ರವಿತ್ತು!

ಈಗ ಬೇರೆ ದೇಶಗಳಿಂದಲೇ ಹೊಗಳಿಸುವುದು ಜಾಸ್ತಿ. ನನಗೆ ಇದೇ ಹೆಚ್ಚು ಅಪಾಯ ಅನ್ನಿಸುತ್ತದೆ. 2019ರಲ್ಲಿ ಚೀನಾದ ಶಿನ್‌ಜಿಯಾಂಗ್ ಪ್ರದೇಶದ ಉಯಿಘರ್ ಮುಸ್ಲಿಮರ ಬಂಧನ ಟೀಕಿಸಿ 22 ದೇಶಗಳು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಗೆ ಪತ್ರ ಬರೆದವು. ಕೆಲವೇ ದಿನಗಳಲ್ಲಿ 37 ದೇಶಗಳು ಚೀನಾವನ್ನು ಮೆಚ್ಚಿ ಪತ್ರ ಕೊಟ್ಟವು. ಚೀನಾ ಅದಕ್ಕೂ ಮೊದಲೇ ವಿದೇಶಿ ರಾಜತಾಂತ್ರಿಕರನ್ನು ಕರೆದೊಯ್ದು, ತಾನು ಆರಿಸಿದ ಜಾಗಗಳನ್ನಷ್ಟೇ ತೋರಿಸಿತ್ತು. 2022ರಲ್ಲಿ ಶಿನ್‌ಜಿಯಾಂಗ್ ಬಗ್ಗೆ ವಿಶ್ವಸಂಸ್ಥೆಯದೇ ವರದಿಯ ಮೇಲೆ ಚರ್ಚೆ ಕೇಳಿದ ಪ್ರಸ್ತಾವ ಅದೇ ಮಂಡಳಿಯಲ್ಲಿ 17–19 ಮತಗಳಿಂದ ಬಿದ್ದುಹೋಯಿತು. ಕೇಳಿದ್ದು ಖಂಡನೆಯನ್ನಲ್ಲ, ಬರೀ ಚರ್ಚೆಯನ್ನು.