ಹಗ್ಗ ಹಿಡಿದುಕೊಂಡರೆ ದೋಣಿಯೇ ಕೈತಪ್ಪುತ್ತಾ?

ನೀವು ಕೇಳಿದ್ದು ಎರಡು. ಯಾಚ್ ಮರಳಿನ ಮೇಲೆ ಕೂತಾಗ ಬೇರೆಯವರು ಎಸೆದ ಹಗ್ಗ ಹಿಡಿದರೆ ಯಾಚ್ ಅವರದ್ದೇ ಆಗುತ್ತಂತೆ, ನಿಜವಾ? ಮತ್ತೆ, ಹಾಯಿದೋಣಿಯವರು ಎಡ, ಬಲ ಅನ್ನದೆ ಅಷ್ಟೊಂದು ವಿಚಿತ್ರ ಪದ ಬಳಸೋದು ಬರೀ ಶೋಕಿಗಾ?

ಎರಡಕ್ಕೂ ನನ್ನ ಉತ್ತರ ‘ಅಲ್ಲ’ ಅಂತಲೇ. ಇವೆರಡೂ ನನಗೆ ಒಂದೇ ದಿನ ಅರ್ಥವಾದವು, ಅದೂ ನೆಲ ಕಚ್ಚಿದ ದೋಣಿಯ ಮೇಲೆ. (ನಾವು ಸಿನಿಮಾ ನೆಲ ಕಚ್ಚಿತು ಅಂತೀವಲ್ಲ, ಇದು ನಿಜವಾಗಿಯೂ ಕಚ್ಚಿದ್ದು.)

ಆಗ ನಾನು ಹೊಸಬ. ದೋಣಿಯಲ್ಲಿ ಮೂರು ಜನ. ನಮ್ಮ ಕೀಲ್, ಅಂದರೆ ತಳದಿಂದ ಕೆಳಕ್ಕೆ ಚಾಚಿರುವ ಭಾರದ ಭಾಗ, ನೀರೊಳಗೆ 1.8 ಮೀಟರ್ ಇಳಿಯುತ್ತಿತ್ತು. ಆಳ ತೋರಿಸುವ ಯಂತ್ರದಲ್ಲಿ 3.1 ಇತ್ತು. ನೋಡುನೋಡುತ್ತಲೇ 2.6, ಆಮೇಲೆ 2.2. ಢಮಾರ್ ಅಂತ ಏನೂ ಆಗಲಿಲ್ಲ. ತುಂಬಿದ ಮೂಟೆಯ ಮೇಲೆ ಕುಕ್ಕರಿಸಿದ ಹಾಗೆ ದೋಣಿ ಸುಮ್ಮನೆ ಕೂತುಬಿಟ್ಟಿತು. ದೋಣಿಯ ನಾಯಕರು, ಅಂದರೆ ಸ್ಕಿಪ್ಪರ್, ‘ಶೀಟ್ ಬಿಡು!’ ಅಂತ ಕೂಗಿದರು. ಶೀಟ್ ಅಂದರೆ ಬಟ್ಟೆ, ಹಾಯಿ ಇರಬೇಕು ಅಂದುಕೊಂಡೆ. ಹಾಯಿಯನ್ನು ಎತ್ತಿ ಹಿಡಿದಿದ್ದ ಹಗ್ಗವನ್ನೇ ಬಿಚ್ಚಿದೆ. ದೊಡ್ಡ ಹಾಯಿ ಅರ್ಧ ಇಳಿದು ಅವರ ತಲೆಯ ಮೇಲೆ ಬಿತ್ತು. ಅವರು ಹೇಳಿದ್ದು ಮುಂದಿನ ಹಾಯಿಯ ಮೂಲೆಯನ್ನು ಬಿಗಿದಿಡುವ ಹಗ್ಗದ ಬಗ್ಗೆ. ಶೀಟ್ ಅಂದರೆ ಅದು. ಅವರು ಬಟ್ಟೆಯೊಳಗಿಂದ ಹೊರಗೆ ಬರುವಷ್ಟರಲ್ಲಿ ಮುಂದಿನ ಹಾಯಿ ಗಾಳಿ ತುಂಬಿಕೊಂಡು ನಮ್ಮನ್ನು ಮರಳಿನೊಳಕ್ಕೆ ಇನ್ನಷ್ಟು ತಳ್ಳಿತ್ತು.

ಹಾಗಂತ ನೆಲ ಕಚ್ಚುವುದು ಹೊಸಬರ ರೋಗ ಅಂದುಕೊಳ್ಳಬೇಡಿ. 2014ರ ನವೆಂಬರ್‌ನಲ್ಲಿ ಪ್ರಪಂಚ ಸುತ್ತುವ ಹಾಯಿದೋಣಿ ಪಂದ್ಯ ವೋಲ್ವೋ ಓಷನ್ ರೇಸ್‌ನ ಟೀಮ್ ವೆಸ್ಟಾಸ್ ವಿಂಡ್ ದೋಣಿ ಹಿಂದೂ ಮಹಾಸಾಗರದ ಕಾರ್ಗಾಡೋಸ್ ಕರಾಜೋಸ್ ಹವಳದ ದಿಬ್ಬಕ್ಕೆ ರಾತ್ರಿ ಹೊತ್ತು ಗುದ್ದಿತು. ಅದರಲ್ಲಿದ್ದವರು ಪಳಗಿದ ನಾವಿಕರೇ. ಎಲೆಕ್ಟ್ರಾನಿಕ್ ನಕ್ಷೆಯನ್ನು ಸಾಕಷ್ಟು ದೊಡ್ಡದು ಮಾಡಿ ನೋಡದ ಕಾರಣ ಇಡೀ ದಿಬ್ಬ ಅವರ ಕಣ್ಣು ತಪ್ಪಿಸಿತ್ತು. ಪುಣ್ಯಕ್ಕೆ ಎಲ್ಲರೂ ಬದುಕಿದರು. ದೋಣಿಯನ್ನು ಎತ್ತಿ ತಂದು ರಿಪೇರಿ ಮಾಡಿ, 2015ರ ಜೂನ್‌ನಲ್ಲಿ ಮತ್ತೆ ಅದೇ ರೇಸ್‌ಗೆ ಇಳಿಸಿದರು.

ನಮ್ಮ ಕಥೆಗೆ ಬರ್ತೀನಿ. ನೀರು ಇಳಿಯುತ್ತಿತ್ತು. ಹಾಗಿದ್ದಾಗ ಮೊದಲ ಐದು, ಹತ್ತು ನಿಮಿಷವೇ ಮುಖ್ಯ. ಇಂಜಿನ್ ರಿವರ್ಸ್ ಹಾಕಿದರು. ಜಾಸ್ತಿ ಹೊತ್ತು ಓಡಿಸುವ ಹಾಗಿರಲಿಲ್ಲ, ತಂಪು ಮಾಡುವ ನೀರಿನ ಜೊತೆ ಮರಳೂ ಒಳಗೆ ಹೋಗುತ್ತೆ. ಆಮೇಲೆ ಚಿಕ್ಕ ಲಂಗರನ್ನು ಪುಟ್ಟ ದೋಣಿಯಲ್ಲಿ ಆಳ ಇರುವ ಕಡೆಗೆ ಒಯ್ದು ಹಾಕಿದೆವು. ಅದರ ಹಗ್ಗವನ್ನು ಹಗ್ಗ ಎಳೆಯುವ ತಿರುಗಣೆ, ಅಂದರೆ ವಿಂಚ್‌ಗೆ ಸುತ್ತಿ ತಿರುಗಿಸಿದೆವು. ನನ್ನನ್ನು ದೊಡ್ಡ ಹಾಯಿಯ ಬುಡದಲ್ಲಿ ಅಡ್ಡಕ್ಕಿರುವ ಕಂಬ, ಅಂದರೆ ಬೂಮ್‌ನ ತುದಿಗೆ ಕೂರಿಸಿ ಬೂಮನ್ನು ನೀರಿನ ಮೇಲಕ್ಕೆ ತಳ್ಳಿದರು. ದೋಣಿ ವಾಲಿದರೆ ಕೀಲ್ ಓರೆಯಾಗಿ ಒಂದಷ್ಟು ಮೇಲೇಳುತ್ತೆ, ಅದಕ್ಕೆ. ನನ್ನ ತೂಕ ಸಾಲಲಿಲ್ಲ.

ಇನ್ನು ಕಾಯೋದೇ ಕೆಲಸ. ಹೆಚ್ಚಿನ ಕಡೆ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ದೋಣಿ ಮೆಲ್ಲಗೆ ಮಗ್ಗುಲಾಯಿತು, ಟೀ ಲೋಟ ಮೇಜಿನಿಂದ ಜಾರಿತು. ಮಲಗುವ ಮಗ್ಗುಲಿಗೆ ಹಾಸಿಗೆ, ಬದಿಗೆ ಪೆಟ್ಟು ತಾಗದಂತೆ ತೂಗುಹಾಕುವ ಫೆಂಡರ್ ಎಲ್ಲ ತುರುಕಿದೆವು. ಕೊನೆಗೆ ನಾನು ಇಳಿದು ಕೀಲ್ ಸುತ್ತ ಒದ್ದೆ ಮರಳಿನಲ್ಲಿ ನಡೆದಾಡಿದೆ. ಸ್ಕಿಪ್ಪರ್ ಹೇಳಿದರು, ನಮ್ಮದು ಅದೃಷ್ಟ. ಹುಣ್ಣಿಮೆ, ಅಮಾವಾಸ್ಯೆ ಹೊತ್ತಿನ ದೊಡ್ಡ ಉಬ್ಬರದ ತುತ್ತತುದಿಯಲ್ಲಿ ಕೂತಿದ್ದರೆ ಮುಂದಿನ ಉಬ್ಬರಗಳು ಅಷ್ಟು ಮೇಲೆ ಬರುವುದೇ ಇಲ್ಲ, ಎರಡು ವಾರ ಕಾಯಬೇಕಾಗುತ್ತೆ ಅಂತ.

ನೀರು ಏರುವಾಗ ಗಾಳಿಯೂ ಏರಿತು. ಆಗ ಒಂದು ಮೋಟಾರು ದೋಣಿ ಬಂತು, ಅದರವರು ಹಗ್ಗ ಎತ್ತಿ ಹಿಡಿದರು. ನಮ್ಮ ಸ್ಕಿಪ್ಪರ್ ಕೈ ಚಾಚಲಿಲ್ಲ. ಮೊದಲು ಗಟ್ಟಿಯಾಗಿ ಕೇಳಿದರು: ‘ಬರೀ ಎಳೆಯೋದಾ, ಸಾಲ್ವೇಜಾ?’ ಸಾಲ್ವೇಜ್ ಅಂದರೆ ಅಪಾಯದಲ್ಲಿರುವ ದೋಣಿಯನ್ನು ಉಳಿಸಿ ಅದಕ್ಕೆ ಸಂಭಾವನೆ ಕೇಳೋದು. ಆ ಕಡೆಯವರು ನಕ್ಕರು. ‘ಎಳೆಯೋದು ಅಷ್ಟೇ, ಏನೂ ಕೊಡಬೇಡಿ.’ ನಾವು ಮೂವರೂ ಕೇಳಿಸಿಕೊಂಡೆವು. ಆಮೇಲೆ ಹಗ್ಗ ಹಿಡಿದೆವು.

ಹೀಗೆ ಕೇಳಿದ್ದಕ್ಕೆ ಕಾರಣ ಇದೆ. ಹಗ್ಗ ಹಿಡಿದ ಮಾತ್ರಕ್ಕೆ ಮಾಲೀಕತ್ವ ಬದಲಾಗಲ್ಲ. ಹಗ್ಗ ಯಾರದ್ದು ಅನ್ನೋದರಿಂದಲೂ ಏನೂ ತೀರ್ಮಾನವಾಗಲ್ಲ. ಆದರೆ ನಿಜವಾದ ಅಪಾಯದಲ್ಲಿರುವ ದೋಣಿಯನ್ನು, ಕರ್ತವ್ಯ ಇಲ್ಲದಿದ್ದರೂ ಬಂದು ಉಳಿಸಿದವರು ಸಂಭಾವನೆ ಕೇಳಬಹುದು. 1989ರ ಅಂತರರಾಷ್ಟ್ರೀಯ ಸಾಲ್ವೇಜ್ ಒಪ್ಪಂದ ಇದನ್ನೇ ಹೇಳುತ್ತೆ. ಉಳಿಸಿದ ಆಸ್ತಿಯ ಬೆಲೆ, ಅಪಾಯ ಎಷ್ಟಿತ್ತು, ಅವರ ಚಾಕಚಕ್ಯತೆ, ಹಿಡಿದ ಸಮಯ, ಎಲ್ಲ ನೋಡಿ ಮೊತ್ತ ನಿರ್ಧಾರವಾಗುತ್ತೆ. ಅದು ಉಳಿದ ಆಸ್ತಿಯ ಬೆಲೆಯನ್ನು ಮೀರುವಂತಿಲ್ಲ. ಏನೂ ಉಳಿಯದಿದ್ದರೆ ಸಾಮಾನ್ಯವಾಗಿ ಏನೂ ಸಿಗಲ್ಲ. ಈ ಕೆಲಸಕ್ಕೆ ಹೆಸರಾದ ಲಾಯ್ಡ್ಸ್ ಓಪನ್ ಫಾರ್ಮ್‌ನ ತಲೆಯ ಮೇಲೇ ಅದು ಅಚ್ಚಾಗಿದೆ: ಕೆಲಸ ಆಗದಿದ್ದರೆ ಕಾಸಿಲ್ಲ. ಮೊತ್ತವನ್ನು ಮೊದಲೇ ಬರೆಯದೆ, ಒಪ್ಪದಿದ್ದರೆ ಆಮೇಲೆ ಲಂಡನ್‌ನಲ್ಲಿ ಪಂಚಾಯ್ತಿಗೆ ಬಿಡುವ ಕಾಗದ ಅದು.

ಸಂಭಾವನೆ ಬರುವವರೆಗೆ ಉಳಿಸಿದವರಿಗೆ ದೋಣಿಯ ಮೇಲೆ ಒಂದು ಹಕ್ಕು ಇರುತ್ತೆ, ಕೋರ್ಟಿನ ಮೂಲಕ ತಡೆಹಿಡಿಸಬಹುದು. ‘ದೋಣಿ ಅವರದ್ದಾಗುತ್ತೆ’ ಅನ್ನೋ ಕಥೆ ಹುಟ್ಟಿದ್ದು ಇಲ್ಲಿಂದಲೇ ಅಂತ ನನ್ನ ಊಹೆ. ಇನ್ನೂ ಒಂದು ವಿಷಯ: ಮಾಲೀಕರು ಸ್ಪಷ್ಟವಾಗಿ, ಸಕಾರಣವಾಗಿ ಬೇಡ ಅಂದಮೇಲೂ ಮಾಡಿದ ಕೆಲಸಕ್ಕೆ ಈ ಒಪ್ಪಂದದಲ್ಲಿ ದುಡ್ಡಿಲ್ಲ. ಜೀವ ಉಳಿಸಿಕೊಂಡವರಿಂದಲೂ ಏನೂ ಕೇಳುವಂತಿಲ್ಲ.

ಈಗ ಪದಗಳು. ಎಡ, ಬಲ ನೀವು ಯಾವ ಕಡೆ ಮುಖ ಮಾಡಿದ್ದೀರಿ ಅನ್ನೋದರ ಮೇಲೆ ನಿಂತಿದೆ. ಪೋರ್ಟ್ ಅಂದರೆ ದೋಣಿಯ ಮೂತಿಯ ಕಡೆ ಮುಖ ಮಾಡಿ ನಿಂತಾಗಿನ ಎಡ ಮಗ್ಗುಲು. ಅದು ಹಾಗಲ್ಲ, ನೀವು ಹಿಂದಕ್ಕೆ ತಿರುಗಿದರೂ ದೋಣಿಯ ಅದೇ ಮಗ್ಗುಲು. ಅದರ ಹಳೇ ಹೆಸರು ಲಾರ್ಬೋರ್ಡ್. ಬಲ ಮಗ್ಗುಲು ಸ್ಟಾರ್‌ಬೋರ್ಡ್. ಸ್ಟಾರ್‌ಬೋರ್ಡ್, ಲಾರ್ಬೋರ್ಡ್ ಅಂತ ಗಾಳಿಯಲ್ಲಿ ಕೂಗಿ ನೋಡಿ, ಎರಡೂ ಒಂದೇ ಥರ ಕೇಳಿಸುತ್ತೆ. 1844ರಲ್ಲಿ ಬ್ರಿಟಿಷ್ ನೌಕಾಪಡೆ ಅದನ್ನು ಬಿಟ್ಟು ಪೋರ್ಟ್ ಅನ್ನೋದನ್ನೇ ಕಡ್ಡಾಯ ಮಾಡಿತು.

ಹಾಗಂತ ಸಂಪ್ರದಾಯದ ಎಲ್ಲವೂ ಜಾಣತನ ಅಲ್ಲ. ಚುಕ್ಕಾಣಿಯ ಆದೇಶವನ್ನೇ ನೋಡಿ. 1930ರ ದಶಕದ ಆರಂಭದವರೆಗೂ ಬ್ರಿಟಿಷ್ ಹಡಗುಗಳಲ್ಲಿ ‘ಹಾರ್ಡ್ ಎ ಸ್ಟಾರ್‌ಬೋರ್ಡ್’ ಅಂದರೆ ಹಡಗು ಎಡಕ್ಕೆ ತಿರುಗುತ್ತಿತ್ತು! ಹಿಂದಿನ ಕಾಲದಲ್ಲಿ ಚುಕ್ಕಾಣಿಯ ಹಿಡಿಯನ್ನು ಬಲಕ್ಕೆ ತಳ್ಳಿದರೆ ಮೂತಿ ಎಡಕ್ಕೆ ಹೋಗುತ್ತಿತ್ತು. ಚಕ್ರ ಬಂದಮೇಲೂ ಆ ಮಾತು ಹಾಗೇ ಉಳಿಯಿತು. 1912ರಲ್ಲಿ ಟೈಟಾನಿಕ್‌ನಲ್ಲಿ ಕೊಟ್ಟ ಆದೇಶವೂ ಅದೇ. ನನಗಂತೂ ಇದು ಶುದ್ಧ ಹಠ ಅನ್ನಿಸುತ್ತೆ.

ನಿಮಗೆ ಇಂಥ ಸಂದರ್ಭ ಬಂದರೆ ಹಗ್ಗ ಹಿಡಿಯುವ ಮುಂಚೆ ‘ಎಳೆಯೋದಕ್ಕೆ ಎಷ್ಟು’ ಅಂತ ಕೇಳಿ, ಆಗುವುದಾದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ವಿಮೆಯವರಿಗೂ ಒಂದು ಫೋನ್ ಹಾಕಿ. ಆದರೆ ನೀರು ಒಳಗೆ ನುಗ್ಗುತ್ತಿದ್ದರೆ, ಜನರಿಗೆ ಅಪಾಯ ಇದ್ದರೆ ಇದೆಲ್ಲ ಮರೆತುಬಿಡಿ. ರೇಡಿಯೋದ 16ನೇ ಚಾನೆಲ್‌ನಲ್ಲಿ ಮೂರು ಸಲ ಮೇಡೇ (ಪ್ರಾಣಾಪಾಯದ ಕರೆ) ಅಂತ ಹೇಳಿ, ದೋಣಿಯ ಹೆಸರು, ಇರುವ ಜಾಗ, ಎಷ್ಟು ಜನ ಇದ್ದೀರಿ ಅಂತ ತಿಳಿಸಿ. ಲೆಕ್ಕಾಚಾರ ದಡದಲ್ಲಿ ಮಾಡಿದರಾಯಿತು.