ಮೊದಲು ದೊಡ್ಡಪತ್ರೆಯಿಂದ ಶುರು ಮಾಡಿ

8 ಮತ್ತು 11 ವರ್ಷದ ಮಕ್ಕಳಿಗೆ ಮನೆಮದ್ದು ಕಲಿಸಬೇಕು, ಬಾಲ್ಕನಿ ಬಿಟ್ಟರೆ ಜಾಗವಿಲ್ಲ, ಯಾವ ಗಿಡದಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಕಣ್ಣುಮುಚ್ಚಿ ದೊಡ್ಡಪತ್ರೆ ಆರಿಸಿ. ಗೇಣುದ್ದದ ಕಡ್ಡಿ ಕುಂಡದಲ್ಲಿ ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ಎಲೆ ದಪ್ಪ, ಅಂಚು ಹಲ್ಲುಹಲ್ಲು, ಮೇಲೆ ನವಿರಾದ ರೋಮ, ಉಜ್ಜಿದರೆ ಓಮದ ಘಮ. ಮಕ್ಕಳು ಮುಟ್ಟಿ, ಮೂಸಿ ಗುರುತಿಸುವುದನ್ನು ಕಲಿಯಲಿ. ಔಷಧಿ ಹೆಸರು ಬಾಯಿಪಾಠ ಮಾಡಿಸುವುದಕ್ಕಿಂತ ಇದು ಎಷ್ಟೋ ಮೇಲು.

ಆಮೇಲೆ ಅವರ ಕೈಯಲ್ಲೇ ತಂಬುಳಿ ಮಾಡಿಸಿ. ನಾಲ್ಕೈದು ಎಲೆ, ಚೂರು ಜೀರಿಗೆ, ಎರಡು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಜೊತೆ ರುಬ್ಬಿ, ಉಪ್ಪು ಮಜ್ಜಿಗೆ ಬೆರೆಸುವುದು, ಅಷ್ಟೇ. ಕುದಿಸುವಂತಿಲ್ಲ. ಒಲೆಯ ಹತ್ತಿರ ನೀವಿರಿ. ಅನ್ನಕ್ಕೆ ಕಲಸಿ ತಿಂದ ಗಿಡವನ್ನು ಮಕ್ಕಳು ಮರೆಯುವುದಿಲ್ಲ. ಮುಂದೆ ತುಳಸಿ, ಒಂದೆಲಗ ಸೇರಿಸಿಕೊಳ್ಳಿ. ಒಂದೆಲಗಕ್ಕೆ ಮಣ್ಣು ಸದಾ ತೇವವಾಗಿರಬೇಕು.

ಇದರಷ್ಟೇ ಮುಖ್ಯವಾಗಿ ವಿಷದ ಗಿಡಗಳನ್ನೂ ತೋರಿಸಿ. ಪಾರ್ಕು, ರಸ್ತೆ ಮಧ್ಯದ ಡಿವೈಡರಿನಲ್ಲೆಲ್ಲ ಕಣಗಿಲೆ ಇರುತ್ತದೆ, ಅದರ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಉಮ್ಮತ್ತಿ ಕಾಯಿ, ಗುಲಗಂಜಿ ಬೀಜವೂ ಹಾಗೇ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ದೊಡ್ಡವರಿಗೆ ತೋರಿಸದೆ ಯಾವ ಎಲೆಯನ್ನೂ ಬಾಯಿಗೆ ಹಾಕಬಾರದು ಅನ್ನುವ ಕಟ್ಟುನಿಟ್ಟು ಮೊದಲ ದಿನದಿಂದಲೇ ಇರಲಿ.

ಮನೆಯಲ್ಲಿ ಹಸುಗೂಸಿದ್ದರೆ ಇನ್ನೊಂದು ಮಾತು: ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬೇಡಿ, ತುಳಸಿ ರಸದ ಜೊತೆಗೂ ಬೇಡ. ಜ್ವರ ಇಳಿಯದಿದ್ದರೆ, ಉಸಿರಾಟಕ್ಕೆ ಕಷ್ಟವಾದರೆ ಡಾಕ್ಟರ ಹತ್ತಿರ ಹೋಗಬೇಕು ಅನ್ನುವುದನ್ನೂ ಇದೇ ಪಾಠದಲ್ಲಿ ಹೇಳಿಕೊಡಿ.