ಸಸಿ ನೆಟ್ಟದ್ದು ಸರಿ, ಪಂಚಾಯತಿಯ ಕಪಾಟು ತೆರೆಸಿದ್ದೀರಾ?

ಓದುಗರ ಪತ್ರ: ‘ನಮ್ಮ ಊರಿನ ಸಂಘದವರು ಪ್ರತಿ ವರ್ಷ ಜೂನ್ 5ರಂದು ರಸ್ತೆ ಬದಿಯಲ್ಲಿ ಸಸಿ ನೆಡುತ್ತೇವೆ. ಹೊಳೆಯ ದಡದ ಪ್ಲಾಸ್ಟಿಕ್ ಹೆಕ್ಕುತ್ತೇವೆ. ಆದರೂ ಪ್ರವಾಸಿಗರು ಕಸ ಎಸೆಯುವುದು ನಿಂತಿಲ್ಲ, ಆನೆ ತೋಟ ಬಿಟ್ಟು ಹೋಗಿಲ್ಲ, ಇಲಾಖೆಯವರು ನಮ್ಮ ಮಾತು ಕೇಳುತ್ತಿಲ್ಲ. ಪರಿಸರ ಉಳಿಸುವುದು ಸರ್ಕಾರದ ಮತ್ತು ದೊಡ್ಡ ಸಂಸ್ಥೆಗಳ ಕೆಲಸವಲ್ಲವೇ? ನಮ್ಮಂಥ ಸಾಮಾನ್ಯರು ಇದಕ್ಕಿಂತ ಹೆಚ್ಚಿಗೆ ಏನು ಮಾಡಲು ಸಾಧ್ಯ? ನಾವು ಸಸಿ ನೆಟ್ಟ ಫೋಟೊ ಲಗತ್ತಿಸಿದ್ದೇನೆ, ದಯವಿಟ್ಟು ಪ್ರಕಟಿಸಿ.’
— ಓದುಗರು, ಪೊನ್ನಂಪೇಟೆ ತಾಲ್ಲೂಕು, ಕೊಡಗು

ಸಂಪಾದಕರ ಉತ್ತರ:

ಮಾನ್ಯರೇ,

ಸಸಿ ನೆಟ್ಟಿರಿ, ಸಂತೋಷ. ಪ್ಲಾಸ್ಟಿಕ್ ಹೆಕ್ಕಿದಿರಿ, ಇನ್ನೂ ಸಂತೋಷ. ಮಳೆಯಲ್ಲಿ ನೆನೆಯುತ್ತಾ ಬೇರೆಯವರ ಬಾಟಲಿ ಹೆಕ್ಕುವವರನ್ನು ಕುಳಿತಲ್ಲಿಂದ ಗೇಲಿ ಮಾಡುವ ಹಕ್ಕು ಯಾರಿಗೂ ಇಲ್ಲ, ನನಗಂತೂ ಇಲ್ಲವೇ ಇಲ್ಲ. ಆದರೆ ಫೋಟೊ ಪ್ರಕಟಿಸುತ್ತಿಲ್ಲ. ಒಂದು ಸಸಿಯನ್ನು ಏಳು ಮಂದಿ ಹಿಡಿದುಕೊಂಡಿದ್ದೀರಿ ಎಂಬುದು ಕಾರಣವಲ್ಲ. ಆ ಸಸಿ ಸಿಲ್ವರ್ ಓಕ್ ಎಂಬುದು ಕಾರಣ.

ಆಸ್ಟ್ರೇಲಿಯಾದಿಂದ ಬಂದ ಈ ಮರ ನಮ್ಮ ಕಾಫಿ ತೋಟಗಳಲ್ಲಿ ನೆಟ್ಟಗೆ ಬೆಳೆಯುತ್ತದೆ, ಕರಿಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಡಿದು ಮಾರುವಾಗ ಅನುಮತಿಯ ರಗಳೆ ಇಲ್ಲ. ಹಾಗಾಗಿ ಹಲಸು, ಅತ್ತಿ, ನಂದಿ, ಮತ್ತಿ, ಬಳಂಜಿಗಳಿದ್ದ ಜಾಗಕ್ಕೆಲ್ಲ ಅದೇ ಬರುತ್ತಿದೆ. ಬೆಳೆಗಾರರನ್ನೊಬ್ಬರನ್ನೇ ಬೈದು ಪ್ರಯೋಜನವಿಲ್ಲ. 1976ರ ಮರ ಸಂರಕ್ಷಣಾ ಕಾಯ್ದೆಯಡಿ ನಾಡಮರ ಕಡಿಯಲು ಅರ್ಜಿ ಹಿಡಿದು ಓಡಾಡಬೇಕು. ಜಮ್ಮಾ ಬಾಣೆಯಲ್ಲಂತೂ (ವಂಶಪಾರಂಪರ್ಯ ಹಕ್ಕಿನ ಗದ್ದೆಗೆ ಸೇರಿದ ಗುಡ್ಡದ ಜಾಗ) ನೆಲ ಯಾರದು, ಮರ ಯಾರದು ಎಂಬ ವ್ಯಾಜ್ಯ ಬ್ರಿಟಿಷರ ಕಾಲದಿಂದಲೂ ಎಳೆದುಕೊಂಡು ಬಂದಿದೆ. ತನ್ನ ತೋಟದಲ್ಲಿ ತಾನೇ ಬೆಳೆಸಿದ ಬೀಟೆ ತನ್ನದಲ್ಲ ಎಂದಾದರೆ ಬೀಟೆಯ ಸಸಿ ಎದ್ದಾಗಲೇ ಕಿತ್ತುಹಾಕುವ ಬುದ್ಧಿ ಯಾರಿಗಾದರೂ ಬರುತ್ತದೆ. ಮರ ಉಳಿಸಲು ಬಂದ ಕಾನೂನು ಮರ ಹುಟ್ಟದಂತೆ ಮಾಡಿತು. ಆದರೆ ನಿಮ್ಮ ಸಂಘ ರಸ್ತೆ ಬದಿಯಲ್ಲಿ ನೆಡುವುದು ಮಾರುವುದಕ್ಕಲ್ಲವಲ್ಲ? ಅಲ್ಲಿ ಅತ್ತಿಯೋ ಬಸರಿಯೋ ನೆಟ್ಟಿದ್ದರೆ ಹಕ್ಕಿಗಳಿಗಾದರೂ ಹಣ್ಣು ಸಿಗುತ್ತಿತ್ತು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಈ ಪುಟದಲ್ಲಿ ಹಿಂದೆಯೂ ಇದನ್ನು ಬರೆದು ಬೈಸಿಕೊಂಡಿದ್ದೇನೆ, ಮತ್ತೆ ಬರೆಯುತ್ತೇನೆ: ಕೊಡಗಿನ ಸಾಮಾನ್ಯ ಮನುಷ್ಯ ಪರಿಸರಕ್ಕಾಗಿ ಮಾಡಬಹುದಾದ ಅತಿ ದೊಡ್ಡ ಕೆಲಸವೆಂದರೆ ಕಂಡದ್ದನ್ನು ತಾರೀಖು ಹಾಕಿ ಬರೆದಿಡುವುದು, ಬರೆದದ್ದನ್ನು ಗ್ರಾಮಸಭೆಗೆ ಒಯ್ಯುವುದು. ಇದರಲ್ಲಿ ಫೋಟೊ ಇಲ್ಲ, ಹಾರವಿಲ್ಲ, ಟಿ-ಶರ್ಟ್ ಹಂಚಿಕೆ ಇಲ್ಲ. ಯಾರಿಗೂ ರುಚಿಸದಿರುವುದು ಅದಕ್ಕೇ.

ಆದರೆ ಬರೆದಿಡುವುದು ನಮಗೆ ಹೊಸತೇ? ಯಾವ ಹಳೆಯ ತೋಟದ ಮನೆಗೆ ಹೋದರೂ ಮಳೆಯ ಪುಸ್ತಕವೊಂದು ಇರುತ್ತದೆ. ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಎಂದು ಬರೆದ ಮೇಲೆಯೇ ಕಾಫಿ. ಮಾರ್ಚಿನ ಹೂಮಳೆ ಯಾವ ದಿನ ಬಂತು, ಕಾಯಿ ಕಟ್ಟಲು ಬೇಕಾದ ಮುಂದಿನ ಮಳೆ ಎಷ್ಟು ದಿನ ತಡವಾಯಿತು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಮಾದಾಪುರದ ಕಡೆಯ ಹಿರಿಯರೊಬ್ಬರು ತಮ್ಮ ತಂದೆಯ ಕೈಬರಹದ ಪುಸ್ತಕಗಳನ್ನು ಮುಂದಿಟ್ಟು, ‘ಇದರಲ್ಲಿ ಆಸ್ತಿಯ ವಿಚಾರ ಒಂದಕ್ಷರವೂ ಇಲ್ಲ, ಅದಕ್ಕೇ ಯಾರೂ ಕದ್ದಿಲ್ಲ’ ಎಂದಿದ್ದರು. ಭಾಗಮಂಡಲದಲ್ಲಿ ವರ್ಷಕ್ಕೆ 200 ಇಂಚು ದಾಟುವ ಮಳೆ ಕುಶಾಲನಗರಕ್ಕೆ ಬರುವಷ್ಟರಲ್ಲಿ 50 ಇಂಚಿಗೂ ಇಳಿಯುವ ಜಿಲ್ಲೆ ಇದು. ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯತಿ ಮಟ್ಟದಲ್ಲಿ ಸ್ವಯಂಚಾಲಿತ ಮಾಪಕ ಇಟ್ಟಿದ್ದಾರೆ, ಒಳ್ಳೆಯದು. ಆದರೆ ನಿಮ್ಮ ಊರಲ್ಲಿ ಐವತ್ತು ವರ್ಷಗಳ ಹಿಂದೆ ಮಳೆ ಹೇಗಿತ್ತು ಎಂಬುದು ಆ ಯಂತ್ರಕ್ಕೆ ಗೊತ್ತಿಲ್ಲ. ಅದು ಇರುವುದು ಗೆದ್ದಲು ತಿನ್ನುತ್ತಿರುವ ಈ ಪುಸ್ತಕಗಳಲ್ಲಿ. ಸಂಘದ ಹುಡುಗರನ್ನು ಸಿಲ್ವರ್ ಓಕ್ ಹಿಡಿಯಲು ಕರೆದೊಯ್ಯುವ ಬದಲು ಮನೆಮನೆಗೆ ಕಳುಹಿಸಿ ಆ ಪುಟಗಳ ಫೋಟೊ ತೆಗೆಸಿ. ಆ ಫೋಟೊಗಳನ್ನು ಖಂಡಿತ ಪ್ರಕಟಿಸುತ್ತೇನೆ.

2018ರ ಆಗಸ್ಟ್ ನಿಮಗೆ ನೆನಪಿರಬೇಕು. ಮಕ್ಕಂದೂರು, ಹೆಬ್ಬೆಟ್ಟಗೇರಿ, ಮೊಣ್ಣಂಗೇರಿ, ಜೋಡುಪಾಲದ ಕಡೆ ಗುಡ್ಡಗಳು ಕುಸಿದವು. 2019ರಲ್ಲಿ ತೋರ ಗ್ರಾಮ, 2020ರಲ್ಲಿ ತಲಕಾವೇರಿಯ ಬೆಟ್ಟ. ಮಳೆ ವಿಪರೀತ ಸುರಿದದ್ದು ನಿಜ. ಆದರೆ ಇಳಿಜಾರನ್ನು ಜೆಸಿಬಿಯಿಂದ ಕಡಿದು ರಸ್ತೆ ಮಾಡಿದ್ದು, ಮನೆ, ಹೋಂಸ್ಟೇಗಳಿಗೆ ಜಾಗ ಸಮತಟ್ಟು ಮಾಡಿದ್ದು ಮಳೆಯಲ್ಲ. ಕಡಿದಾದ, ಆಳ ಮಣ್ಣಿನ ಗುಡ್ಡದಲ್ಲಿ ಸಾಲು ಸಾಲು ಇಂಗುಗುಂಡಿ ತೆಗೆದರೆ ನೀರು ಒಳಗಿಳಿದು ಮಣ್ಣಿನ ಭಾರ ಹೆಚ್ಚುತ್ತದೆ, ಹಿಡಿತ ಸಡಿಲವಾಗುತ್ತದೆ. ಬಯಲುಸೀಮೆಗೆ ವರವಾದ ಉಪಾಯ ಇಲ್ಲಿ ಅಪಾಯವಾಗಬಹುದು. ಗುಡ್ಡ ಜಾರುವ ಮುನ್ನ ಸೂಚನೆಯನ್ನೂ ಕೊಡುತ್ತದೆ: ನೆಲದಲ್ಲಿ ಸೀಳು, ವಾಲಿದ ಮರ, ಇಲ್ಲದ ಕಡೆ ಎದ್ದ ಒರತೆ, ಒಮ್ಮೆಲೇ ಕೆಂಪಾದ ತೋಡು. ಇವನ್ನು ಮೊದಲು ಕಾಣುವವರು ಮಡಿಕೇರಿಯ ಅಧಿಕಾರಿಗಳಲ್ಲ, ಆ ತೋಡಿನ ಪಕ್ಕದಲ್ಲೇ ಮನೆ ಇರುವವರು. ಅವರು ತಾರೀಖು ಸಮೇತ ಬರೆದು ಪಂಚಾಯತಿಗೆ ಕೊಟ್ಟು ಸ್ವೀಕೃತಿ ಪಡೆದಿದ್ದರೆ ‘ನಮಗೆ ಗೊತ್ತಿರಲಿಲ್ಲ’ ಎಂದು ಯಾವ ಕಚೇರಿಯೂ ಹೇಳಲಾರದು.

ಇಲಾಖೆ ನಿಮ್ಮ ಮಾತು ಕೇಳುತ್ತಿಲ್ಲ ಎಂದು ಬರೆದಿದ್ದೀರಿ. ನೀವು ಹೇಳಿದ್ದಾದರೂ ಎಲ್ಲಿ, ಬಸ್ ನಿಲ್ದಾಣದಲ್ಲೇ? 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಮರ, ಮೀನು, ಭತ್ತದ ತಳಿ, ನಾಟಿ ಔಷಧ, ದೇವರಕಾಡು ಎಲ್ಲವನ್ನೂ ಊರವರನ್ನೇ ಕೇಳಿ ಬರೆಯುವ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಹಲವು ವರ್ಷ ಇದನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟ ಮೇಲೆ ದೇಶದಲ್ಲೆಲ್ಲ ದಾಖಲಾತಿಗಳು ಅವಸರವಸರವಾಗಿ ಸಿದ್ಧವಾದವು. ಪರೀಕ್ಷೆಯ ಹಿಂದಿನ ರಾತ್ರಿ ನಕಲು ಮಾಡಿದ ನೋಟ್ಸಿನಂತಿರುವ ಒಂದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಊರಿನ ಹೊಳೆಯ ಹೆಸರೇ ಅದರಲ್ಲಿ ಇರಲಿಲ್ಲ! ನಿಮ್ಮ ಪಂಚಾಯತಿಯ ದಾಖಲಾತಿ ನೋಡಿದ್ದೀರಾ? ಸಮಿತಿಯಲ್ಲಿ ಯಾರಿದ್ದಾರೆಂದು ಗೊತ್ತೇ? ನಿಮ್ಮನ್ನೇ ಕೇಳದೆ ನಿಮ್ಮ ಹೆಸರನ್ನೇ ಸೇರಿಸಿರಬಹುದು, ನಗಬೇಡಿ.

ಪಶ್ಚಿಮ ಘಟ್ಟಗಳ ಸಂರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯ ಗಲಾಟೆಯಿಂದಾದರೂ ನಾವು ಪಾಠ ಕಲಿಯಬೇಕಿತ್ತು. 2013ರಲ್ಲಿ ಆ ವರದಿ ಬಂದಾಗ ಕೊಡಗಿನ ಐವತ್ತಕ್ಕೂ ಹೆಚ್ಚು ಗ್ರಾಮಗಳು ಪರಿಸರ ಸೂಕ್ಷ್ಮ ಪ್ರದೇಶದ ಪಟ್ಟಿಯಲ್ಲಿದ್ದವು. ಉಪಗ್ರಹ ಚಿತ್ರ ನೋಡಿ ಗೆರೆ ಎಳೆದರು, ಮರದ ನೆರಳಿನ ಕಾಫಿ ತೋಟ ಕಾಡಿನಂತೆ ಕಂಡಿತು ಎಂದು ನಾವೆಲ್ಲ ಬೀದಿಗಿಳಿದೆವು. ಆಕ್ಷೇಪದಲ್ಲಿ ಹುರುಳಿತ್ತು. ಆದರೆ ‘ನಿಮ್ಮ ಲೆಕ್ಕ ತಪ್ಪು, ಇಗೋ ನಮ್ಮ ಲೆಕ್ಕ’ ಎಂದು ಮೇಜಿನ ಮೇಲೆ ಇಡಲು ನಮ್ಮ ಬಳಿ ಏನಿತ್ತು? ಘೋಷಣೆ ಇತ್ತು, ಬಂದ್ ಇತ್ತು. ಅದಕ್ಕೂ ಮೊದಲು, 2011ರಲ್ಲಿ, ಇದೇ ಘಟ್ಟಗಳ ಕುರಿತ ಗಾಡ್ಗೀಳ್ ಸಮಿತಿ ಇಂಥ ತೀರ್ಮಾನಗಳು ಗ್ರಾಮಸಭೆಗಳಲ್ಲಿ ಚರ್ಚೆಯಾಗಿ ಬರಬೇಕು ಎಂದು ಬಾಯಿಬಿಟ್ಟು ಹೇಳಿತ್ತು. ಆ ವರದಿಯನ್ನು ಓದದೆಯೇ ವಿರೋಧಿಸಿದವರ ಪತ್ರಗಳು ನಮ್ಮ ಕಚೇರಿಯಲ್ಲಿ ಇನ್ನೂ ಇವೆ.

ದೊಡ್ಡ ಸಂಸ್ಥೆಗಳ ಕೆಲಸ ಎಂದಿರಲ್ಲ, ಅದಕ್ಕೂ ಒಂದು ಮಾತು. ನಾಗರಹೊಳೆಯ ಮೂರ್ಕಲ್‌ನಲ್ಲಿ ಕಾಡಿನೊಳಗೇ ಐಷಾರಾಮಿ ಹೋಟೆಲ್ ಬರುವುದಿತ್ತು. ಅದರ ವಿರುದ್ಧ ಹಾಡಿಗಳ ಆದಿವಾಸಿಗಳು ಎದ್ದು ನಿಂತರು. ಹೋರಾಟ ನ್ಯಾಯಾಲಯದ ಮೆಟ್ಟಿಲೇರಿತು, 1997ರಲ್ಲಿ ಹೈಕೋರ್ಟ್ ಯೋಜನೆಗೆ ತಡೆ ಹಾಕಿತು. ಅವರೇನು ದೊಡ್ಡ ಸಂಸ್ಥೆಯವರಾಗಿರಲಿಲ್ಲ. ಇಂದಿಗೂ ಆನೆ ಯಾವ ತೋಡು ದಾಟಿ ಯಾವ ತೋಟಕ್ಕೆ ಇಳಿಯುತ್ತದೆ ಎಂದು ನಿಖರವಾಗಿ ಬಲ್ಲವರು ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿರುವ ಯರವ, ಕುರುಬ ಆದಿವಾಸಿಗಳು. ಸಿದ್ದಾಪುರ, ತಿತಿಮತಿ ಕಡೆ ಬೆಳಗಿನ ಮಂಜಿನಲ್ಲಿ ಆನೆಗೆ ಎದುರಾಗುವವರೂ ಕೆಲಸಕ್ಕೆ ಹೊರಟ ಅವರಂಥವರೇ. ಗ್ರಾಮಸಭೆಯನ್ನು ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಅವರು ಕೂಲಿ ಬಿಟ್ಟು ಬರುವುದು ಹೇಗೆ? ಭಾನುವಾರ ಕರೆಯಿರಿ ಎಂದು ನಿಮ್ಮ ಸಂಘ ಒಂದು ಮನವಿ ಕೊಟ್ಟರೆ ಸಾವಿರ ಸಸಿ ನೆಟ್ಟಷ್ಟು ಪುಣ್ಯ ಎಂದು ನಾನು ಬರೆದುಕೊಡುತ್ತೇನೆ.

ಪ್ರವಾಸಿಗರ ವಿಚಾರದಲ್ಲಿ ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಅಬ್ಬಿ ಜಲಪಾತದ ದಾರಿಯಲ್ಲಿ ನಡೆದವರಿಗೆಲ್ಲ ಆ ಸಿಟ್ಟು ಬರುತ್ತದೆ. ಆದರೆ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್‌ನ ಹುಳಿ ನೀರನ್ನು ರಾತ್ರೋರಾತ್ರಿ ತೋಡಿಗೆ ಬಿಡುವವರು ಬೆಂಗಳೂರಿನಿಂದ ಬಂದವರಲ್ಲ. ಹೊಳೆಯಲ್ಲಿ ನೀರು ಕಡಿಮೆ ಇರುವ ಆ ತಿಂಗಳುಗಳಲ್ಲೇ ಅದು ಆಮ್ಲಜನಕ ಹೀರಿ ಮೀನನ್ನು ಕೊಲ್ಲುತ್ತದೆ. ದೇವರಕಾಡುಗಳದ್ದೂ ಇದೇ ಕತೆ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ ಎಂದು ಭಾಷಣದಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅಯ್ಯಪ್ಪನಿಗೆ ಮಣ್ಣಿನ ನಾಯಿ ಹರಕೆ ಒಪ್ಪಿಸಿ ಬರುತ್ತೇವೆ. ಬರುವಾಗ ಬೇಲಿ ಎರಡಡಿ ಒಳಗೆ ಸರಿದಿದ್ದರೆ, ಅದು ಬಂಧುಗಳ ತೋಟವೆಂಬ ಕಾರಣಕ್ಕೆ ಮುಖ ತಿರುಗಿಸುತ್ತೇವೆ. ಊರು ತಕ್ಕರು, ದೇವತಕ್ಕರು (ಊರಿನ, ದೇವಸ್ಥಾನದ ಪಾರಂಪರಿಕ ಮುಖ್ಯಸ್ಥರು) ಹಬ್ಬದ ದಿನ ಎಲ್ಲರನ್ನೂ ಕರೆದುಕೊಂಡು ಕಾಡಿನ ಗಡಿ ಸುತ್ತಿ, ಸರ್ವೆ ನಕ್ಷೆಯ ಜೊತೆ ತಾಳೆ ನೋಡಿದರೆ ಸಾಕು. ಇದಕ್ಕೆ ಯಾವ ಅನುದಾನ ಬೇಕು?

ಮಾತು ಬೇರೆ ಕಡೆ ಹೋಗುತ್ತಿದೆ, ಹೋಗಲಿ. ಪ್ರತಿ ಜೂನ್‌ನಲ್ಲಿ ನಮ್ಮ ಕಚೇರಿಗೆ ವನಮಹೋತ್ಸವದ ಪತ್ರಿಕಾ ಪ್ರಕಟಣೆಗಳು ಕಂತೆಗಟ್ಟಲೆ ಬರುತ್ತವೆ. ಅದೇ ಹೊಂಡ, ಅದೇ ಅತಿಥಿ, ಸಸಿ ಮಾತ್ರ ಹೊಸದು. ಹಿಂದಿನ ವರ್ಷದ ಸಸಿ ಏನಾಯಿತು ಎಂದು ಬರೆದ ಒಂದು ಪ್ರಕಟಣೆಯೂ ಈ ಮೇಜಿಗೆ ಬಂದಿಲ್ಲ. ನಾವು ಪತ್ರಿಕೆಯವರೂ ಏನು ಕಡಿಮೆ? ಅತಿಥಿಗಳ ಹೆಸರು ಬಿಟ್ಟರೆ ಮುನಿಸು, ಮರದ ಹೆಸರು ಬಿಟ್ಟರೆ ಕೇಳುವವರಿಲ್ಲ. ಮೇಲಾಗಿ ಓದಿದ ಮಕ್ಕಳೆಲ್ಲ ಬೆಂಗಳೂರು ಸೇರಿದ್ದಾರೆ. ಸುಗ್ಗಿಹಬ್ಬ ಪುತ್ತರಿಗೆ ಕುಲದ ಮೂಲಮನೆಯಾದ ಐನ್‌ಮನೆಗೆ ಬಂದು ಕದಿರು ತೆಗೆಯುತ್ತಾರೆ, ಪಾಳು ಬಿದ್ದ ಗದ್ದೆಯ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಮಳೆಗಾಲದಲ್ಲಿ ನೀರು ಹಿಡಿದಿಟ್ಟು ಕೆಳಗಿನ ಬಾವಿಗಳಿಗೆ ಉಣಿಸುತ್ತಿದ್ದುದು ಅದೇ ಗದ್ದೆ ಎಂದು ಅವರಿಗೆ ಹೇಳುವವರು ಯಾರು? ಲಕ್ಷ್ಮಣತೀರ್ಥ ಬೇಸಿಗೆಯಲ್ಲಿ ಒಣಗಿದಾಗ ಅವರೇ ಮೊಬೈಲಿನಲ್ಲಿ ‘ಕೊಡಗು ಉಳಿಸಿ’ ಎಂದು ಬರೆಯುತ್ತಾರೆ.

ಸರಿ, ನಿಮಗೆ ಕೆಲಸ ಹೇಳಿ ಮುಗಿಸುತ್ತೇನೆ. ಪಿಡಿಒ ಅವರನ್ನು ಕಂಡು ಜೀವವೈವಿಧ್ಯ ದಾಖಲಾತಿ ತೋರಿಸಿ ಎಂದು ಕೇಳಿ. ಕಪಾಟಿನ ಬೀಗದ ಕೈ ಸಿಗುತ್ತಿಲ್ಲ ಎಂದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಕೈಗೆ ಬಂದ ಮೇಲೆ ಊರಿನ ಹಿರಿಯರನ್ನೂ ಲೈನ್ ಮನೆಯವರನ್ನೂ ಕೂರಿಸಿಕೊಂಡು ಓದಿ, ತಪ್ಪಿದ್ದನ್ನು ತಿದ್ದಿ, ಬಿಟ್ಟದ್ದನ್ನು ಸೇರಿಸಿ, ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಾಗುವಂತೆ ಮಾಡಿ. ಮಕ್ಕಳಿಗೆ ಆಸಕ್ತಿ ಇದ್ದರೆ ಮನೆಯ ಮುಂದಿನ ಹಲಸು ಯಾವ ವಾರ ಕಾಯಿ ಬಿಟ್ಟಿತು ಎಂಬುದನ್ನು ಸೀಸನ್‌ವಾಚ್ ಜಾಲತಾಣದಲ್ಲಿ, ಕಂಡ ಹಕ್ಕಿಗಳನ್ನು ಇ-ಬರ್ಡ್ ಜಾಲತಾಣದಲ್ಲಿ ದಾಖಲಿಸಲಿ. ಅದು ಕಷ್ಟವೆಂದರೆ ಎರಡು ಗೆರೆಯ ನೋಟ್‌ಬುಕ್ ಸಾಕು.

ದಾಖಲಾತಿಯ ಒಂದು ನೆರಳಚ್ಚು ಪ್ರತಿ ನಮಗೂ ಕಳುಹಿಸಿ. ಅಂಚೆವೆಚ್ಚ ಪತ್ರಿಕೆಯದು. ನಿಮ್ಮ ಊರಿನ ಹೊಳೆಯ ಹೆಸರು ಅದರಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಮುಂದಿನ ಸಂಚಿಕೆಯಲ್ಲಿ, ಬೇಕಿದ್ದರೆ ನಿಮ್ಮ ಫೋಟೊದೊಂದಿಗೇ, ಅಚ್ಚು ಹಾಕುತ್ತೇವೆ.

— ಸಂ.